ನನ್ನ ನೀಲಿ ಬಾಗಿಲು

ನಾನು ಒಂದು ಕಾರು. ಹುಟ್ಟಿದಾಗ ಅಡಿಯಿಂದ ಮುಡಿಯವರೆಗೆ ಬಿಳಿ. ಕಾರ್ಖಾನೆಯಿಂದ ಹೊರಬಿದ್ದ ದಿನ ನನ್ನ ಬೆನ್ನ ಮೇಲೆ ಕೈಯಾಡಿಸಿದವನೊಬ್ಬ, ಇದು ಮೂರು ತಲೆಮಾರು ಓಡುತ್ತದೆ ಎಂದಿದ್ದ. ಓಡಿದೆ, ಸುಳ್ಳಲ್ಲ. ಆದರೆ ನನ್ನನ್ನು ಹೆತ್ತ ಕಾರ್ಖಾನೆ ನನಗಿಂತ ಮೊದಲೇ ಕಣ್ಣು ಮುಚ್ಚಿತು.

ಮೊದಲು ಒಬ್ಬ ಡಾಕ್ಟರರ ಮನೆಯಲ್ಲಿದ್ದೆ. ಆಮೇಲೆ ಟಾಕೀಸಿನವರೊಬ್ಬರು ನನ್ನ ತಲೆಗೆ ಮೈಕು ಕಟ್ಟಿ ಊರೆಲ್ಲ ಕೂಗಿಸಿದರು. ಅದೂ ಆಯಿತು. ಕೊನೆಗೆ ಹುಬ್ಬಳ್ಳಿಯ ತಿರಕಪ್ಪನವರ ಕೈಗೆ ಬಂದೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಒಳ್ಳೆಯ ಮನುಷ್ಯ, ಆದರೆ ಯಾರಾದರೂ ನಿಂತು ‘ಭಾಳ ಛಲೋ ಇಟ್ಟೀರಿ ಗಾಡಿ’ ಎಂದರೆ ಸಾಕು, ಉಬ್ಬಿಹೋಗುತ್ತಿದ್ದರು. ನಾನೇನು ಕಡಿಮೆಯೇ? ನಾನೂ ಉಬ್ಬುತ್ತಿದ್ದೆ.

ಆ ಉಬ್ಬೇ ಮುಳುವಾಯಿತು. ಒಂದು ಶ್ರಾವಣದಲ್ಲಿ ಪೇಟೆ ಸುತ್ತಿ ಬಂದವರು, ಇಂಜಿನ್ ಆರುವ ಮೊದಲೇ ಬಾನೆಟ್ ಎತ್ತಿ, ಒಳಗೂ ಫಳಫಳ ಅನ್ನಲಿ ಎಂದು ತಣ್ಣೀರು ಸುರಿದರು. ಟಕ್ ಎಂದಿತು. ಇಂಜಿನ್ನಿಗೆ ಕಿಡಿ ಹಂಚುವ ಕಪ್ಪು ಮುಚ್ಚಳ ಸೀಳಿತ್ತು.

ಮೆಕ್ಯಾನಿಕ್ ಖಾಜಾ ಮೇಸ್ತ್ರಿ ಅದನ್ನು ತಿರುಗಿಸಿ ನೋಡಿದ. “ಕಬ್ಬಿಣದ್ದಾಗಿದ್ರ ಲೇತಿನ್ಯಾಗ ಕಡದು ಕೊಡ್ತಿದ್ದೆ. ಈ ಮುಚ್ಚಳಾ ಮಾಡೂದು ಯಾವಾಗೋ ಬಿಟ್ಟಾರ್ರಿ. ಅಂದಾನೆಪ್ಪ ಮಾಸ್ತರನ್ನ ಕೇಳ್ರಿ.”

ಅಂದಾನೆಪ್ಪ ಮಾಸ್ತರರು ಪಕ್ಕದ ಓಣಿಯವರು. ಅವರಲ್ಲಿ ನನ್ನದೇ ಜಾತಿಯ ನೀಲಿ ಕಾರಿತ್ತು. ಮಾಸ್ತರರು ಕೂಡಲೇ ಅದರ ಮುಚ್ಚಳ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು.

“ಒಯ್ರಿ, ನಮ್ಮದು ನಿಂತೇ ಇರತದ. ಖಂಡೇನವಮಿಗೆ ಮಾತ್ರ ತಂದುಕೊಡ್ರಿ. ಅವತ್ತು ನಮ್ಮಾಕಿನ್ನ ಮಠಕ್ಕ ಕರಕೊಂಡು ಹೋಗಬೇಕು.”

ಅವರ ಹೆಂಡತಿ ಗೌರವ್ವನಿಗೆ ಮೊಣಕಾಲು ಹೋಗಿತ್ತು. ವರ್ಷಕ್ಕೊಮ್ಮೆ ಆಕೆ ಮನೆ ಬಿಟ್ಟು ಹೊರಗೆ ಹೋಗುತ್ತಿದ್ದದ್ದು ಅದೊಂದೇ ದಿನ, ಆ ನೀಲಿ ಕಾರಿನಲ್ಲಿ.

ಆಯುಧಪೂಜೆಯ ಆ ಹಬ್ಬ ಹತ್ತಿರ ಬಂತು. ತಿರಕಪ್ಪನವರು ಮುಚ್ಚಳ ಕೊಡಲಿಲ್ಲ. ಅದನ್ನು ಕೊಟ್ಟರೆ ಹಬ್ಬದ ದಿನ ನಾನು ಅಂಗಳದಲ್ಲಿ ಕಲ್ಲಿನ ಹಾಗೆ ನಿಲ್ಲಬೇಕಲ್ಲ. ಮಾಸ್ತರರೇ ಕೇಳಲು ಬಂದರು. ನಾವು ಆಗಷ್ಟೇ ಪೇಟೆಯಿಂದ ಬಂದಿದ್ದೆವು.

“ಏನ್ ಹೇಳ್ಲಿ ಮಾಸ್ತರ, ಅದೂ ಸೀಳ್ತು. ಗಾಡಿ ನಿಂತು ವಾರಾತು,” ಎಂದರು ತಿರಕಪ್ಪನವರು.

ಮಾಸ್ತರರ ಕೈ ನನ್ನ ಬಾನೆಟ್ ಮೇಲಿತ್ತು. ಬಾನೆಟ್ ಇನ್ನೂ ಬಿಸಿಯಾಗಿತ್ತು. ಅವರು ನಿಧಾನವಾಗಿ ಕೈ ತೆಗೆದರು. “ಇರಲಿ ಬಿಡ್ರಿ,” ಎಂದು ನಡೆದುಹೋದರು. ಜೀವನದಲ್ಲಿ ಮೊದಲ ಸಲ ನನ್ನ ಬಿಸಿಗೆ ನಾನೇ ನಾಚಿದೆ.

ಖಂಡೇನವಮಿ ಬಂತು. ಪೂಜೆಯಾದ ಮೇಲೆ ಗಾಡಿ ಚಕ್ರದಡಿಯ ನಿಂಬೆಹಣ್ಣು ತುಳಿದು ಮುಂದೆ ಹೋಗಲೇಬೇಕು. ನಾನು ಗತ್ತಿನಿಂದ ತುಳಿದು ಹೊರಟೆ. ಮಾಸ್ತರರ ಓಣಿ ಬೇಡವೆಂದು ತಿರಕಪ್ಪನವರು ಸುತ್ತು ಹಾದಿ ಹಿಡಿದರು. ಅಲ್ಲಿ ಲಾರಿಗಳ ಪೂಜೆ, ದಾರಿಯೇ ಇಲ್ಲ. ತಿರುಗಿ ಅದೇ ಓಣಿಗೆ ಬರಬೇಕಾಯಿತು.

ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಗೌರವ್ವ ಇಳಕಲ್ಲ ಸೀರೆ ಉಟ್ಟು ಕೂತಿದ್ದಳು. ಮಾಸ್ತರರು ಹಿಂದೆ ನಿಂತು ಕಾರನ್ನು ನೂಕುತ್ತಿದ್ದರು. ನಿಂಬೆಹಣ್ಣು ಒಡೆಯಿತು, ಕಾರು ನಿಂತಿತು. ಆ ವರ್ಷದ ಆಕೆಯ ತಿರುಗಾಟ ಅಷ್ಟೇ.

ಗೌರವ್ವ ಕಿಟಕಿಯಿಂದ ನನ್ನನ್ನು ಕಂಡಳು. “ತಿರಕಪ್ಪಣ್ಣಾರ ಗಾಡಿ ರಿಪೇರಿ ಆತೇನ್ರಿ?” ಎಂದು ಗಂಡನನ್ನು ಕೇಳಿದಳು.

“ಹೂಂ, ಆತಂತ,” ಎಂದರು ಮಾಸ್ತರರು, ಉಸಿರು ಬಿಡುತ್ತ.

“ಛಲೋ ಆತು ತಗೋರಿ.”

ನನ್ನಲ್ಲಿ ನಾಲ್ಕು ಸೀಟು ಖಾಲಿ ಇದ್ದವು. ಬರ್ರಿ, ನಾ ಮಠಕ್ಕ ಬಿಡ್ತೀನಿ ಎಂಬ ಒಂದು ಮಾತು ತಿರಕಪ್ಪನವರ ಬಾಯಿಂದ ಹೊರಡಲಿಲ್ಲ. ತಲೆ ತಗ್ಗಿಸಿ ಗೇರು ಹಾಕಿದರು.

ಮುಂದಿನ ಹಬ್ಬಕ್ಕೆ ಗೌರವ್ವ ಇರಲಿಲ್ಲ. ತಿರಕಪ್ಪನವರು ಅದೇ ಕರವಸ್ತ್ರದಲ್ಲಿ ಮುಚ್ಚಳ ಸುತ್ತಿಕೊಂಡು ಹೋದರು. ಮಾಸ್ತರರು ತೆಗೆದುಕೊಳ್ಳಲಿಲ್ಲ, ಹಾಗೆಯೇ ಹಿಂದಕ್ಕೆ ತಂದರು. ಮರುದಿನ ಖಾಜಾ ಮೇಸ್ತ್ರಿ ಕೈಗಾಡಿ ತಳ್ಳಿಕೊಂಡು ಬಂದ. ನೀಲಿ ಕಾರಿನ ಪಂಪು, ದೀಪ, ಬಾಗಿಲು, ಎಲ್ಲ ಅದರಲ್ಲಿದ್ದವು.

“ಮಾಸ್ತರು ಕಳಿಸ್ಯಾರ್ರಿ. ಇನ್ನ ಯಾರನ್ನ ಕೂಡಸೂದದ, ನಿಮ್ಮ ಗಾಡಿನರ ಓಡ್ಲಿ ಅಂದ್ರು.”

ನನ್ನ ಹಿಂದಿನ ಬಾಗಿಲೊಂದು ತುಕ್ಕು ಹಿಡಿದಿತ್ತು. ಅಲ್ಲಿ ಮೇಸ್ತ್ರಿ ನೀಲಿ ಬಾಗಿಲು ಕೂಡಿಸಿದ. ಗೌರವ್ವ ಇಣುಕಿದ ಬಾಗಿಲೇ ಅದು. ತಿರಕಪ್ಪನವರು ಅದಕ್ಕೆ ಬಿಳಿ ಬಣ್ಣ ಹೊಡೆಸಲಿಲ್ಲ. ನೋಡಿದವರು ಕೇಳುತ್ತಾರೆ, ಅವರು ಒಳಗೆ ಹೋಗಿಬಿಡುತ್ತಾರೆ.

ಈಗ ನನಗೆ ಯಾವ ಭಾಗದ ಕೊರತೆಯೂ ಇಲ್ಲ. ಕೀಲಿ ತಿರುವಿದರೆ ಇವತ್ತೂ ಹೊರಡುತ್ತೇನೆ. ಆದರೆ ಖಂಡೇನವಮಿಯ ದಿನ ತಿರಕಪ್ಪನವರು ಕೀಲಿ ಮುಟ್ಟುವುದಿಲ್ಲ. ನಿಂಬೆಹಣ್ಣು ಇಟ್ಟು, ಹಿಂದೆ ಬಂದು, ಮುದಿ ಕೈಗಳಿಂದ ನನ್ನನ್ನು ನೂಕುತ್ತಾರೆ.