ಹೆಸರಿಲ್ಲದ ಕಲ್ಲುಗಳಿಗೆ ನೀರು

ಜಪಾನಿನ ಇತಿಹಾಸ, ಸಂಸ್ಕೃತಿ ಕಲಿಯಲು ಬೇಸಿಗೆಯ ರಜೆಯಲ್ಲಿ ಕೊರಿಯಾದಿಂದ ಬಂದಿದ್ದ ಹೆರಿಮ್ ಎಂಬ ಹುಡುಗಿ ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದಳು. ಹಿರಿಯರನ್ನು ನೆನೆಯುವ ಓಬೋನ್ ಹಬ್ಬ ಹತ್ತಿರವಾದಾಗ ನಾನೂ ನಮ್ಮತ್ತೆ ಕಿನುಯೊ ಅವರೂ ಮನೆತನದ ಸಮಾಧಿ ತೊಳೆಯಲು ಹೊರಟೆವು. ಅವಳೂ ಜೊತೆಗೆ ಬಂದಳು.

ಕೆಲಸ ಮುಗಿದ ಮೇಲೆ ದಣಿದ ಹುಡುಗಿ ಸ್ಮಶಾನದ ಅಂಚಿನಲ್ಲಿದ್ದ ಒರಟು ಕಲ್ಲುಗಳಲ್ಲಿ ಒಂದರ ಮೇಲೆ ಕೂತಳು.

“ಏಳಮ್ಮಾ, ಏಳು! ಅದರಡೀಲಿ ಜನ ಇದಾರೆ,” ಎಂದರು ಅತ್ತೆ.

ಅವಳು ಬೆಚ್ಚಿ ಎದ್ದಳು. “ಯಾರಜ್ಜಿ? ಹೆಸರೇ ಇಲ್ವಲ್ಲ?”

“ಯುದ್ಧದ ಕಾಲದಲ್ಲಿ ಇಲ್ಲಿನ ಕಲ್ಲಿದ್ದಲು ಗಣೀಲಿ ಸತ್ತೋರು. ಆಗ ನಿಮ್ಮ ದೇಶ ನಮ್ಮೋರ ಕೈಲಿತ್ತು, ಅಲ್ಲಿಂದ ದುಡಿಸೋಕೆ ಎಳ್ಕೊಂಡು ಬಂದಿದ್ರು. ಹೂಳೋಕೆ ನಮ್ಮಪ್ಪಾನೂ ಹೋಗಿದ್ದ. ಹೆಸರೇನು ಅಂತ ಅವನೂ ಕೇಳಲಿಲ್ಲ.”

ಇಷ್ಟು ವರ್ಷ ಸೊಸೆಯಾಗಿದ್ದ ನನಗೂ ಅತ್ತೆ ಇದನ್ನು ಹೇಳಿರಲಿಲ್ಲ.

ಹೆರಿಮ್ ಬಕೆಟ್ ತುಂಬಿಸಿಕೊಂಡು ಬಂದು ಒಂದೊಂದೇ ಕಲ್ಲಿಗೆ ನೀರೆರೆದಳು. ಮಾವನಿಗೆಂದು ತಂದಿದ್ದ ಊದುಬತ್ತಿಯಲ್ಲಿ ಅರ್ಧವನ್ನು ಅತ್ತೆ ಅವಳ ಕೈಗಿತ್ತರು.

“ತಗೋ. ನಮ್ಮೆಜಮಾನರು ಬೇಜಾರು ಮಾಡ್ಕೊಳ್ಳಲ್ಲ. ಬದುಕಿದ್ದಾಗ್ಲೂ ಅವರಿಗೆ ಹೊಗೆ ಆಗ್ತಿರಲಿಲ್ಲ.”

ಹುಡುಗಿ ನೆಲಕ್ಕೆ ಹಣೆ ಹಚ್ಚಿ, ತನ್ನ ಭಾಷೆಯಲ್ಲಿ ಕಲ್ಲುಗಳೊಡನೆ ಏನೋ ಮಾತಾಡಿದಳು. ನಮಗೆ ಅರ್ಥವಾಗಲಿಲ್ಲ. ಅವಳು ಮುಗಿಸುವವರೆಗೂ ಅತ್ತೆ ಬಿಸಿಲಲ್ಲೇ ಕೈಮುಗಿದು ನಿಂತಿದ್ದರು.