ನೋಡ್ಕೋತೀನಿ ಎಂಬ ಹುದ್ದೆ

೧.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಹೊಸಕೋಟೆ ಹೆದ್ದಾರಿ ಪಕ್ಕದ ಗೋಡೌನಿನಿಂದ ಅಂದರೆ ಅಲ್ಲಿ ಕಥೆಗೂ ಗೇಟ್ ಪಾಸ್ ಕೇಳುತ್ತಾರೆ. ಹೋಗಲಿ, ಎಚ್ಆರ್ ಪ್ರಮೋದಾಳ ಲ್ಯಾಪ್‌ಟಾಪಿನಿಂದ ಮಾಡುತ್ತೇನೆ. ಹೆಡ್ ಆಫೀಸ್ ಕಳಿಸಿದ ಹೊಸ ಸಾಫ್ಟ್‌ವೇರಿನಲ್ಲಿ ಗೋಡೌನಿನ ನೂರಾ ಹನ್ನೆರಡು ಜನರಿಗೂ ಅವಳು ಪಟ್ಟಿಯಲ್ಲಿರುವ ಒಂದೊಂದು ಹುದ್ದೆ ಹಚ್ಚಬೇಕು. ಹುದ್ದೆ ಸಿಗದವರಿಗೆ ಒಂದನೇ ತಾರೀಖಿನಿಂದ ಕೆಲಸವಿಲ್ಲ.

೨.
ಉಳಿದವನು ಒಬ್ಬನೇ, ನಂದಗುಡಿ ಕಡೆಯ ಬೈರಪ್ಪ. ವಯಸ್ಸು ಐವತ್ತೇಳು.

"ಬೈರಪ್ಪಣ್ಣ, ನೀವೇನು ಕೆಲಸ ಮಾಡ್ತೀರಾ?"

"ನೋಡ್ಕೋತೀನಿ ಮೇಡಂ."

"ಏನನ್ನ?"

"ಎಲ್ಲಾನೂ."

ಪಟ್ಟಿಯಲ್ಲಿ ನೋಡುವ ಕೆಲಸ ಅಂತಿದ್ದದ್ದು ಸೆಕ್ಯುರಿಟಿ ಒಂದೇ. ಪ್ರಮೋದಾ ಅದನ್ನೇ ಒತ್ತಿದಳು. ಪರದೆ ಕೆಂಪಾಯಿತು: ಐವತ್ತೈದು ದಾಟಿದವರಿಗೆ ಅವಕಾಶವಿಲ್ಲ. (ನೋಡುವುದೇ ಬೇರೆ, ನೋಡಿಕೊಳ್ಳುವುದೇ ಬೇರೆ. ಸಾಫ್ಟ್‌ವೇರಿಗೆ ಗೊತ್ತಿಲ್ಲ. ನನಗೂ ಈಗಷ್ಟೇ ಹೊಳೆದದ್ದು.)

೩.
(ಇಲ್ಲಿ ಬೈರಪ್ಪ ಅಳುವ ದೃಶ್ಯ ಬರೆದಿದ್ದೆ. "ಅಳಕ್ಕೆಲ್ಲಿ ಪುರುಸೊತ್ತು ಸ್ವಾಮಿ, ಲಾರಿ ಬಂದೈತೆ" ಎಂದು ಎದ್ದು ಹೋದ. ಆ ದೃಶ್ಯ ಹೊಡೆದು ಹಾಕಿದೆ.)

೪.
ಇವನು ಮಾಡುವುದಾದರೂ ಏನು? ಪ್ರಮೋದಾಳಿಗೆ ಕುತೂಹಲ ತಡೆಯಲಾಗಲಿಲ್ಲ. ನೋಟ್‌ಬುಕ್ ಹಿಡಿದು ದಿನವಿಡೀ ಹಿಂದೆಯೇ ಸುತ್ತಿದಳು. ಲಾರಿ ಜಾರದಂತೆ ಚಕ್ರಕ್ಕೆ ಕಲ್ಲು ಕೊಟ್ಟ. ಓಡುವ ಬೆಲ್ಟ್ ಹತ್ತಿರ ನಿಂತವಳಿಗೆ "ವೇಲ್ ಸೊಂಟಕ್ಕೆ ಸಿಗಿಸ್ಕೊಳವ್ವ" ಎಂದ. ತೂಕಡಿಸುತ್ತಿದ್ದ ಡ್ರೈವರ್‌ಗೆ ಟೀ ಕುಡಿಸಿ ಆಮೇಲೆ ರಿವರ್ಸ್ ತೆಗೆಸಿದ. ಸಂಜೆಗೆ ಎಣಿಸಿದರೆ ನಲವತ್ತಮೂರು ಕೆಲಸ. ಫಾರಂನಲ್ಲಿ ಜಾಗವಿರುವುದು ಒಂದಕ್ಕೆ.

೫.
ಅಂತ್ಯ ಅ: 'ನೋಡಿಕೊಳ್ಳುವವ' ಎಂಬ ಹೊಸ ಹುದ್ದೆಗೆ ಹೆಡ್ ಆಫೀಸ್ ಒಪ್ಪುತ್ತದೆ. (ಹೆಡ್ ಆಫೀಸ್ ಕಂಡವರು ಯಾರೂ ಇದನ್ನು ನಂಬುವುದಿಲ್ಲ.)

ಅಂತ್ಯ ಆ: ಒಂದನೇ ತಾರೀಖು. ಬೈರಪ್ಪನಿಲ್ಲ. ಲಾರಿ ಹಿಂದಕ್ಕೆ ಜಾರುತ್ತದೆ, ಹಿಂದೆ ಯಾರೋ...

"ಬಿಡ್ತು ಅನ್ನಿ!" ಬೈರಪ್ಪ ರೇಗಿದ. "ನನ್ ಕೆಲಸ ಉಳಿಸಕ್ಕೆ ಯಾರ್ನೋ ಸಾಯಿಸ್ತೀರಾ?"

ನಾಚಿಕೆಯಾಯಿತು. ಅದನ್ನೂ ಹೊಡೆದು ಹಾಕಿದೆ.

೬.
ಪ್ರಮೋದಾ ಈಗ ನನ್ನ ಕಡೆ ತಿರುಗಿದ್ದಾಳೆ. ಬೆರಳು ಸಬ್ಮಿಟ್ ಮೇಲಿದೆ. "ಇವರ ಗತಿ ಏನು ಸರ್? ಬರೀತಿರೋರು ನೀವು ತಾನೆ?"

"ನೋಡ್ಕೋತೀನಿ ಬಿಡಮ್ಮ" ಅಂದುಬಿಟ್ಟೆ.

ಬೈರಪ್ಪ ನಕ್ಕ. "ಹೆಡ್ ಆಫೀಸ್‌ನೋರೂ ಹಂಗೇ ಅಂದಿದ್ರು ಸ್ವಾಮಿ. ನೋಡ್ಕೊಳ್ಳೋನು ಇಲ್ಲೇ ಇರ್ತಾನೆ. ನೀವು ಆಗ್ಲೇ ಮುಗಿಸಿ ಹೊಂಟಿದ್ದೀರಿ."

ಹೊರಟಿದ್ದೆ, ನಿಜ. ಕಥೆ ಮುಗಿಸಿದರೆ ಒಂದನೇ ತಾರೀಖು ಬಂದುಬಿಡುತ್ತದೆ. ಅದಕ್ಕೇ ಮುಗಿಸುತ್ತಿಲ್ಲ. ಇಲ್ಲಿ ಇವತ್ತು ಮೂವತ್ತೊಂದು, ಲಾರಿ ರಿವರ್ಸ್ ಬರುತ್ತಿದೆ. ಬೈರಪ್ಪ ಕಲ್ಲು ಎತ್ತಿಕೊಂಡು ನಿಮ್ಮನ್ನೇ ಕೂಗುತ್ತಿದ್ದಾನೆ:

"ಓದ್ತಿರೋರೇ, ವಸಿ ಪಕ್ಕಕ್ಕೆ ಬನ್ನಿ. ಚಕ್ರದ ಹಿಂದೆ ನಿಂತಿದ್ದೀರಿ."