ಸ್ವಿಂಡೆಲ್ಸ್ ಉತ್ತ ನಾಲ್ಕು ಎಕರೆ

1941ರ ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಚೆಷೈರ್ ಕೌಂಟಿಯ ರೈತ ಈನಕ್ ಸ್ವಿಂಡೆಲ್ಸ್‌ನ ಅಂಗಳದಲ್ಲಿ ನಾನು ಸೈಕಲ್ಲಿನಿಂದ ಇಳಿದೆ. ಯುದ್ಧಕಾಲದ ಕೃಷಿ ಸಮಿತಿ ಕೌಂಟಿಯ ಹೊಲಗಳನ್ನೆಲ್ಲ ಸರ್ವೆ ಮಾಡಿಸಿ, ಪ್ರತಿ ರೈತನಿಗೂ ಎ, ಬಿ, ಇಲ್ಲವೇ ಸಿ ದರ್ಜೆ ಕೊಡುತ್ತಿತ್ತು. ನಾನು ಅದರ ಸರ್ವೆಯರ್. ಸಿ ಬಂದವನ ಜಮೀನನ್ನು ಸಮಿತಿ ಕಿತ್ತುಕೊಳ್ಳಬಹುದಿತ್ತು. ಎಂಟು ಎಕರೆ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಬೇಕೆಂದು ಸ್ವಿಂಡೆಲ್ಸ್‌ಗೆ ಆದೇಶವಾಗಿತ್ತು. ಅವನು ಕಾರ್ಡಿನಲ್ಲಿ ಉತ್ತರ ಬರೆದಿದ್ದ: "ನಾಲ್ಕು ಉತ್ತಿದ್ದೇನೆ. ಇನ್ನು ಉಳುವುದಿಲ್ಲ."

ಸಮಿತಿಯ ಸದಸ್ಯ, ಪಕ್ಕದ ಹೊಲದ ವಾಲ್ಟರ್ ಗ್ಯಾಂಡಿ, ಆಗಲೇ ಬಂದು ನಿಂತಿದ್ದ. ಸಿ ದರ್ಜೆಯ ಫಾರಮನ್ನು ಮನೆಯಲ್ಲೇ ತುಂಬಿಕೊಂಡು ಬಂದಿದ್ದ. ನನ್ನ ರುಜು ಮಾತ್ರ ಬಾಕಿ.

"ಅರ್ಧ ಉತ್ತು ಧಿಮಾಕು ಬೇರೆ ನಿಂಗೆ, ಈನಕ್," ಅಂದ ಗ್ಯಾಂಡಿ.

"ನನ್ನ ಹಸು ಹುಲ್ಲು ತಿಂದ್ರೇನೇ ಚೀಸ್ ಆಗೋದು ಕಣೋ. ನಿನ್ನ ಹಸು ಆದೇಶ ತಿನ್ನತ್ತಾ?"

"ಅಣ್ಣಾ, ಸುಮ್ನಿರು." ಬಾಗಿಲಲ್ಲಿ ಅವನ ತಂಗಿ ಕೆಜಾಯಾ. "ಜಮೀನು ಹೋದ್ರೆ ನಾವೆಲ್ಲಿಗೆ ಹೋಗೋದು?"

ಅಳೆಯದೆ ರುಜು ಹಾಕುವ ಅಭ್ಯಾಸ ನನಗಿಲ್ಲ. ಇಪ್ಪತ್ತೆರಡು ಗಜದ, ನೂರು ಕೊಂಡಿಯ ಅಳತೆ ಸರಪಳಿ ಎಳೆದೆ. ಉದ್ದ ಹನ್ನೆರಡು ಸರಪಳಿ, ಒಂಬತ್ತು ಕೊಂಡಿ. ಅಗಲ ಏಳು ಸರಪಳಿ. ಎರಡು ಸಲ ಗುಣಿಸಿದೆ; ನಾಲ್ಕು ಎಕರೆ ಬರಲಿಲ್ಲ. ಆಮೇಲೆ ಕೇಳಿದೆ: "ನೀವು ಯಾವುದ್ರಲ್ಲಿ ಅಳೆದ್ರಿ?"

ಸ್ವಿಂಡೆಲ್ಸ್ ಕೊಟ್ಟಿಗೆಯಿಂದ ಒಂದು ಗಳ ತಂದ. ನಾಲ್ಕು ಗಜ ಇತ್ತು. "ಅಪ್ಪಂದು. ಎರಡು ಸಲ ಇಟ್ರೆ ಒಂದು ಕೋಲು."

ಎಂಟು ಗಜದ ಕೋಲು. ಸರ್ಕಾರದ ಕೋಲು ಐದೂವರೆ ಗಜ. ಎರಡರಲ್ಲೂ ಎಕರೆಗೆ ನೂರ ಅರವತ್ತು ಚದರ ಕೋಲು. ಹಾಗಾಗಿ ಚೆಷೈರಿನ ಹಳಬರ ಒಂದು ಎಕರೆ, ಸರ್ಕಾರದ ಎರಡಕ್ಕಿಂತ ತುಸು ಹೆಚ್ಚು.

"ನೀವು ಆದೇಶ ಪಾಲಿಸಿದ್ದೀರಿ," ಅಂದೆ. "ಸ್ವಲ್ಪ ಜಾಸ್ತೀನೇ."

ಸ್ವಿಂಡೆಲ್ಸ್ ಮುಖ ಕೆಂಪಾಯಿತು. "ಪಾಲಿಸಿಲ್ಲ ಸ್ವಾಮಿ! ಬೇಕಂತಲೇ ಅರ್ಧಕ್ಕೆ ನಿಲ್ಸಿದ್ದು ನಾನು."

"ನೋಡಿ, ಅವನೇ ಒಪ್ಕೋತಿದಾನೆ," ಅಂದ ಗ್ಯಾಂಡಿ. "ಬರ್ಕೊಳ್ಳಿ."

"ಫಾರಮಲ್ಲಿ ಉದ್ದೇಶಕ್ಕೆ ಕಾಲಂ ಇಲ್ಲ, ಗ್ಯಾಂಡಿಯವರೇ."

"ಎಷ್ಟು ಜಾಸ್ತಿ ಉತ್ತಿದ್ದೀನಿ?" ಸ್ವಿಂಡೆಲ್ಸ್ ಬಿಡಲಿಲ್ಲ.

"ಹತ್ತಿರ ಹತ್ತಿರ ಅರ್ಧ ಎಕರೆ."

"ಅಷ್ಟನ್ನೂ ನಾಳೆನೇ ವಾಪಸ್ ಹುಲ್ಲಿಗೆ ಬಿಡ್ತೀನಿ."

"ಬಾಯಿ ಮುಚ್ಕೊಂಡು ಒಳಗೆ ನಡಿ ಅಣ್ಣಾ," ಅಂದಳು ಕೆಜಾಯಾ. ನನ್ನತ್ತ ತಿರುಗಿದಳು. "ನೀವು ಬರೀರಿ ಸ್ವಾಮಿ, ಇವನು ಇನ್ನೊಂದು ಮಾತಾಡೋದ್ರೊಳಗೆ."

ಹೊಸ ಫಾರಮು ತೆಗೆದೆ. ದರ್ಜೆ: ಬಿ. ಉತ್ತ ಭೂಮಿ: 8.46 ಎಕರೆ.